ಕೊನೆಯ ಸೀನು ನೋಡದ ಗೇಟಕ್ಕ

ಅವಳ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಗುಲಾಬಿ ಬಣ್ಣಕ್ಕಿರುತ್ತಿದ್ದವು. ಮದರಂಗಿಯಲ್ಲ. ನಮ್ಮೂರ ಟಾಕೀಸಿನಲ್ಲಿ ಹೆಂಗಸರ ಟಿಕೇಟು ಗುಲಾಬಿ ಕಾಗದದ್ದು. ಬೆವರುಗೈಯಲ್ಲಿ ಅದನ್ನು ಹರಿದು ಹರಿದು ಬಣ್ಣ ಉಗುರಿನ ಸಂದಿಗೂ ಇಳಿದಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅವಳು ಮುದ್ದೆ ಮುರಿಯುವಾಗ ತುತ್ತಿಗೂ ಆ ಬಣ್ಣ ಹತ್ತೀತೇನೋ ಎಂದು ನಾನು ಕಣ್ಣಿಟ್ಟು ನೋಡಿದ್ದುಂಟು.

ಕೃಷ್ಣರಾಜನಗರದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಹೆಂಗಸರ ಗೇಟಿನಲ್ಲಿ ನಿಂತು ಟಿಕೇಟು ಹರಿಯುತ್ತಿದ್ದಳು, ಅದಕ್ಕೆ ಗೇಟಕ್ಕ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮುದುಕಿಯರಿಗೂ ಅವಳು ಅಕ್ಕನೇ.

ಆ ಟಾಕೀಸು ಈಗಿಲ್ಲ. ಬಾಗಿಲು ಹಾಕಿ ಹದಿನೈದು ವರ್ಷದ ಮೇಲಾಯಿತು. ಕೆಲವು ಕಾಲ ಅದರೊಳಗೆ ಗೊಬ್ಬರದ ಮೂಟೆ ಪೇರಿಸಿಟ್ಟಿದ್ದರು, ಹೋದ ವರ್ಷ ಕೆಡವಿದರು. ಆದರೆ ಮಧ್ಯಾಹ್ನ ಊಟವಾಗಿ ಹೊಲಿಗೆ ಯಂತ್ರದ ಮುಂದೆ ಕೂತಾಗ ಒಂದು ತೂಕಡಿಕೆ ಬಂದರೆ ಸಾಕು, ನಾನು ಅಲ್ಲೇ ಇರುತ್ತೇನೆ. ಯಂತ್ರದ ಚಕ್ರ ತಿರುಗುವ ಸದ್ದು ಮೇಲಿನ ಆಪರೇಟರ್ ರೂಮಿನ ಪ್ರೊಜೆಕ್ಟರಿನ ಸದ್ದಾಗುತ್ತದೆ. ತಗಡಿನ ಚಾವಣಿಯ ತೂತುಗಳಿಂದ ಇಳಿದ ಬಿಸಿಲು ಬಿಲ್ಲೆ ಬಿಲ್ಲೆಯಾಗಿ ಬೆಂಚುಗಳ ಮೇಲೆ ಬಿದ್ದಿರುತ್ತದೆ. ಆ ಬಿಲ್ಲೆಗಳು ಮೆಲ್ಲಗೆ ಜರುಗುತ್ತವೆ. ಮೂರನೇ ಬೆಂಚಿಗೆ ಬಂದರೆ ಇಂಟರ್ವಲ್, ಗೋಡೆ ಹತ್ತಿದರೆ ಸಿನಿಮಾ ಮುಗಿಯುತ್ತ ಬಂತು. ಪರದೆಯ ಮೇಲೆ ಯಾರೋ ಅಳುತ್ತಿರುತ್ತಾರೆ, ನನ್ನ ಪಕ್ಕದಲ್ಲಿ ಸಾಲಿಗ್ರಾಮದ ಕಡೆಯ ಹೆಂಗಸೊಬ್ಬಳು ಮಗುವಿಗೆ ಹಾಲು ಕೊಡುತ್ತ ತಾನೂ ಅಳುತ್ತಿರುತ್ತಾಳೆ. ಬಾಗಿಲ ಬಳಿಯ ಸ್ಟೂಲಿನ ಮೇಲೆ ಗೇಟಕ್ಕ, ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, ಕಣ್ಣು ಮಿಟುಕಿಸದೆ ಕೂತಿರುತ್ತಾಳೆ.

ಹಾಗೆ ಕೂತು ಅವಳು ಎಲ್ಲ ಸಿನಿಮಾಗಳನ್ನೂ ನೋಡಿದಳು. ಒಂದರದೂ ಕೊನೆ ನೋಡಲಿಲ್ಲ.

ಗಂಡಸರ ನೂಕುನುಗ್ಗಲು ಶುರುವಾಗುವ ಮೊದಲೇ ಹೆಂಗಸರು ಆಚೆ ಹೋಗಿಬಿಡಬೇಕು ಎಂಬುದು ಟಾಕೀಸಿನವರ ಕಟ್ಟಳೆ. ಅದಕ್ಕೆ ಕೊನೆಯ ಸೀನು ಶುರುವಾಗುತ್ತಿದ್ದ ಹಾಗೆಯೇ ಗೇಟಕ್ಕ ಎದ್ದು ಬಾಗಿಲಿನ ಕರಿಯ ಪರದೆಯನ್ನು ದಾಟಿ ಹೋಗಬೇಕು, ಕದ ತೆರೆಯಬೇಕು, ಆಚೆಯ ಬೆಳಕು ಒಳಗೆ ಬೀಳದ ಹಾಗೆ ಪರದೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಲ್ಲಬೇಕು. ಕಿವಿಯಾದರೂ ಕೊಡೋಣವೆಂದರೆ, ಮುಂದಿನ ಆಟಕ್ಕೆ ಜನ ಕರೆಯಲು ಸರಿಯಾಗಿ ಅವಳ ತಲೆಯ ಮೇಲಿನ ಸ್ಪೀಕರಿನಲ್ಲಿ ದೇವರ ಹಾಡು ಹಚ್ಚುತ್ತಿದ್ದರು. ಒಳಗೆ ನಾಯಕಿ ಬದುಕಿದಳೋ ಸತ್ತಳೋ, ಗೇಟಕ್ಕನಿಗೆ ಕೇಳುತ್ತಿದ್ದುದು ಘಂಟೆ ಜಾಗಟೆ ಮಾತ್ರ.

ಹಾಗಾಗಿ ಆಚೆ ಬರುವ ಹೆಂಗಸರನ್ನು ಅವಳು ಸುಮ್ಮನೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಆ ಗುಲಾಬಿ ಬೆರಳಿನ ಕೈ.

"ಕ್ವನೆಗೇನಾಯ್ತವ್ವ? ಹೇಳ್ಬುಟ್ಟು ಹೋಗು."

ಒಬ್ಬೊಬ್ಬರು ಒಂದೊಂದು ಮಾತು ಹೇಳಿ ಹೋಗಬೇಕು. ಅದು ಆ ಗೇಟಿನ ಪದ್ಧತಿಯಾಗಿಬಿಟ್ಟಿತ್ತು. "ಸತ್ತೋದ ಕಣಕ್ಕ, ಪಾಪ." "ಅತ್ತೆಗೆ ಬುದ್ಧಿ ಬಂತು." "ಇಬ್ಬರೂ ಒಂದಾದ್ರು ಕಣಕ್ಕ, ಮಗಿನೂ ಸಿಕ್ತು." ಮಿರ್ಲೆಯಿಂದ ಬರುತ್ತಿದ್ದ ಒಬ್ಬ ಅಜ್ಜಿ ಇಂಟರ್ವಲ್ ಆದ ಮೇಲೆ ನಿದ್ದೆ ಹೊಡೆಯುತ್ತಿದ್ದಳು, ಆಚೆ ಬರುವಾಗ ಮಾತ್ರ ಯಾವ ಸಿನಿಮಾಕ್ಕೂ "ಎಲ್ಲ ಸರೋಯ್ತು ಕಣವ್ವ" ಎಂದೇ ಹೇಳುತ್ತಿದ್ದಳು. ಗೇಟಕ್ಕ ನಗು ತಡೆದುಕೊಂಡು "ಸದ್ಯ, ಬುಡು" ಎನ್ನುತ್ತಿದ್ದಳು.

ನಾನು ಆ ಟಾಕೀಸಿಗೆ ಅಂಟಿಕೊಂಡದ್ದು ನನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ. ಪಿರಿಯಾಪಟ್ಟಣದ ಕಡೆ ಕೊಟ್ಟಿದ್ದರು, ಒಂದೂವರೆ ವರ್ಷಕ್ಕೆ ತವರಿಗೆ ಬಂದುಬಿಟ್ಟೆ. ಯಾಕೆ ಬಂದೆ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನನ್ನ ಎಡಗಿವಿ ಇಂದಿಗೂ ಅರ್ಧ ಕೇಳುವುದಿಲ್ಲ, ಅಷ್ಟು ಹೇಳಿದರೆ ಸಾಕು. ತವರಿನಲ್ಲಿ ಮಧ್ಯಾಹ್ನವಾದರೆ ಯಾರಾದರೊಬ್ಬರು ಬಂದು ಜಗಲಿಯ ಮೇಲೆ ಕೂತು ಬುದ್ಧಿ ಹೇಳುತ್ತಿದ್ದರು. ಹೆಣ್ಣು ಅಂದ ಮೇಲೆ ಸೈರಣೆ ಬೇಕಂತೆ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆಗಷ್ಟೇ ಹೊಲಿಗೆ ಕಲಿಯುತ್ತಿದ್ದೆ, ನಮ್ಮವ್ವ "ನಿನ್ ಕೈಲಿರೋ ಕತ್ತರಿಗಿಂತ ಬಾಯಲ್ಲಿರೋ ಕತ್ತರಿ ಚೂಪು ಕಣೇ, ಅದಕ್ಕೇ ಇಂಗಾಗಿದ್ದು" ಎಂದು ಗೊಣಗುವಳು. ಬುದ್ಧಿ ಹೇಳುವವರು ಬರುವ ಹೊತ್ತಿಗೆ ನಾನು ಮ್ಯಾಟಿನಿಗೆ ಹೋಗಿಬಿಡುತ್ತಿದ್ದೆ. ಟಾಕೀಸಿನ ಹಿಂದಿನ ಬೀದಿಯೇ ನಮ್ಮದು. ಗೇಟಕ್ಕನದೂ ಅದೇ ಬೀದಿ, ನಮ್ಮ ಮನೆಗೆ ಎದುರಾಗಿ ಒಂದು ಕೋಣೆ, ಮುಂದೊಂದು ಗೇಣಗಲ ಜಗಲಿ. ಅವಳು ನನಗೆ ಏನೂ ಬುದ್ಧಿ ಹೇಳಲಿಲ್ಲ. ತನ್ನ ಸ್ಟೂಲಿನ ಪಕ್ಕದ ಬೆಂಚಿನ ತುದಿ ತೋರಿಸಿ, "ಇಲ್ಲಿ ಫ್ಯಾನ್ ಗಾಳಿ ಬತ್ತದೆ, ಕೂತ್ಕೊ" ಅಂದಳು. ಆಮೇಲೆ ಅದು ನನ್ನ ಜಾಗವೇ ಆಯಿತು.

ಅವಳಿಗೂ ಗಂಡನಿದ್ದ. ಕಟ್ಟೆಮಳಲವಾಡಿಯವನು. ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿ ಹನ್ನೊಂದು ವರ್ಷವಾಗಿತ್ತು. ಇದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಅವಳು ಮಾತ್ರ ಅದನ್ನು ಬಾಯಿ ಬಿಟ್ಟು ಆಡಿದ್ದಿಲ್ಲ.

ನಾನು ತವರಿಗೆ ಬಂದ ವರ್ಷವೇ ಒಂದು ವಾರ ಬಂದ ಸಿನಿಮಾ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ, ಹಾಳಾದ್ದು. ಹೆಂಡತಿಯನ್ನೂ ಮಗುವನ್ನೂ ಬಿಟ್ಟುಹೋದ ಗಂಡ ಎಷ್ಟೋ ವರ್ಷದ ಮೇಲೆ ಕೆಮ್ಮುತ್ತ ಬಾಗಿಲಿಗೆ ಬರುತ್ತಾನೆ. ಅವಳು ಒಂದು ಮಾತನ್ನೂ ಕೇಳುವುದಿಲ್ಲ. ಚೊಂಬಿನಲ್ಲಿ ನೀರು ತಂದು ಅವನ ಕಾಲು ತೊಳೆಯುತ್ತಾಳೆ. ಹೆಂಗಸರ ಕಡೆಯೆಲ್ಲ ಬಿಕ್ಕಳಿಕೆ. ಗಂಡಸರ ಕಡೆ ಚಪ್ಪಾಳೆ, ಶಿಳ್ಳೆ. ನನಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ. ಬರುವ ಭಾನುವಾರ ಹಿರಿಯರು ಸೇರಿ ಪಂಚಾಯ್ತಿ ಮಾಡಿ ನನ್ನನ್ನು ವಾಪಸು ಕಳಿಸುವುದೆಂದು ಅಷ್ಟರಲ್ಲಿ ಗೊತ್ತಾಗಿತ್ತು.

ಬಾಗಿಲಿನ ಕರಿಯ ಪರದೆ ಸರಿಸಿ ಆಚೆ ಬಂದೆ. ಇಳಿಬಿಸಿಲು ಕಣ್ಣಿಗೆ ಹೊಡೆಯಿತು. ಗೇಟಕ್ಕನ ಕೈ ಅಡ್ಡ ಬಂತು.

"ಕ್ವನೆಗೇನಾಯ್ತವ್ವ?"

"ಬಾಗಿಲು ಹಾಕ್ಕಂಡ್ಳು" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು. ಹಿಂದಿನಿಂದ ಹೆಂಗಸರು ತಳ್ಳುತ್ತಿದ್ದರು. ಅವಳು ಕೈ ತೆಗೆಯಲಿಲ್ಲ.

"ಚಿಲ್ಕಾನೂ ಹಾಕ್ಕಂಡ್ಳಾ?"

"ಊಂ. ಚಿಲ್ಕಾನೂ ಹಾಕ್ಕಂಡ್ಳು."

"ಆಮೇಕೆ?"

"ಆಮೇಕೇನು, ಶುಭಂ."

ಅವಳು ಕೈ ತೆಗೆದಳು.

ಇದಾದದ್ದು ಮಂಗಳವಾರ. ಶುಕ್ರವಾರ ಬೆಳಿಗ್ಗೆ, ಇನ್ನೂ ಬೀದಿಯಲ್ಲಿ ಸಗಣಿ ನೀರಿನ ತೇವ ಆರಿರಲಿಲ್ಲ, ಒಬ್ಬ ಗಂಡಸು ತಗಡಿನ ಟ್ರಂಕು ಹೊತ್ತು ಬಂದು ಗೇಟಕ್ಕನ ಜಗಲಿಯ ಮೇಲೆ ಇಳಿಸಿದ. ಸಣಕಲಾಗಿದ್ದ. ನಾನು ನಮ್ಮ ಬಾಗಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದವಳು ಹಾಗೇ ನಿಂತೆ. ಸಿನಿಮಾದೊಳಗಿನವನೇ ಎದ್ದು ಬಂದ ಹಾಗಿತ್ತು. ಇದು ಮ್ಯಾಟಿನಿಯೋ ಬೆಳಗೋ ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ.

ಗೇಟಕ್ಕ ಹೊಸ್ತಿಲಿಗೆ ಬಂದಳು.

"ಏನ್ ಬಂದದ್ದು?"

"ಆದದ್ದಾಯ್ತು, ಬುಡು" ಎಂದ ಅವನು. "ಒಳಿಕೆ ಬತ್ತೀನಿ."

ಅವಳು ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. ಇನ್ನೇನು ಕಾಲು ತೊಳೆದೇಬಿಡುತ್ತಾಳೆ ಎಂದುಕೊಂಡೆ. ಚೊಂಬನ್ನು ಅವನ ಕೈಗೆ ಕೊಟ್ಟಳು. ಮತ್ತೆ ಹೋಗಿ ತಟ್ಟೆಯಲ್ಲಿ ಮುದ್ದೆ, ಉಪ್ಸಾರು ತಂದು ಜಗಲಿಯ ಮೇಲಿಟ್ಟಳು. "ಉಂಡು ಓಗು" ಎಂದಳು. ಆಮೇಲೆ ಒಂದು ಸಲ ತಲೆಯೆತ್ತಿ ಬೀದಿಯನ್ನು ನೋಡಿ, ಒಳಗೆ ಹೋಗಿ, ಕದ ಮುಚ್ಚಿ, ಚಿಲಕ ಹಾಕಿಕೊಂಡಳು. ಆ ಸದ್ದು ಬೀದಿಯ ಆ ತುದಿಗೂ ಕೇಳಿಸಿರಬೇಕು.

ಅವನು ಉಂಡ. ಮಧ್ಯಾಹ್ನದವರೆಗೂ ಕೂತಿದ್ದ. ಹನ್ನೆರಡೂವರೆಯ ಸುಮಾರಿಗೆ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನ ಕಡೆ ಹೋದ. ಎರಡು ಗಂಟೆಗೆ ಗೇಟಕ್ಕ ತಲೆ ಬಾಚಿಕೊಂಡು ಮ್ಯಾಟಿನಿಗೆ ಬಂದಳು.

ಭಾನುವಾರ ನಮ್ಮ ಮನೆಯಲ್ಲಿ ಹಿರಿಯರು ಸೇರಿದರು. ಎಲ್ಲರ ಮಾತೂ ಮುಗಿದ ಮೇಲೆ ನನ್ನನ್ನು ಕೇಳಿದರು. ನನ್ನ ಕಿವಿಯಲ್ಲಿ ಆ ಚಿಲಕದ ಸದ್ದು ಇನ್ನೂ ಇತ್ತು. "ನಾನು ಹೋಗಾಕಿಲ್ಲ" ಅಂದೆ. ಅಷ್ಟೇ ಅಂದದ್ದು. ಅಷ್ಟೊಂದು ದೊಡ್ಡ ಬಾಯಿಯವಳು ಇಷ್ಟೇ ಮಾತಾಡಿದ್ದಕ್ಕೋ ಏನೋ, ಅವರು ಎದ್ದು ಹೋದರು. ಆ ಮೇಲೆ ನಾನು ಹೊಲಿಗೆ ಯಂತ್ರ ಹಾಕಿಕೊಂಡೆ. ಈ ಊರಿನ ಅರ್ಧ ಹೆಂಗಸರ ಅಳತೆ ನನಗೆ ಬಾಯಿಪಾಠ.

ನನ್ನ ಬದುಕೇನೋ ದಡ ಹತ್ತಿತು. ಗೇಟಕ್ಕನನ್ನು ಮಾತ್ರ ಊರು ಹರಿದು ತಿಂದಿತು. ಬಾಗಿಲಿಗೆ ಬಂದ ಗಂಡನನ್ನು ಜಗಲಿಯಿಂದಲೇ ಕಳಿಸಿದವಳು, ಸಿನಿಮಾ ನೋಡಿ ನೋಡಿ ತಲೆ ಕೆಟ್ಟವಳು ಎಂದರು. ಎಷ್ಟೋ ಹೆಂಗಸರು ಅವಳ ಕೈ ಸರಿಸಿ, ಕೊನೆ ಹೇಳದೆಯೇ ಹೋಗಿಬಿಡುತ್ತಿದ್ದರು. ಅವಳು "ಓಗ್ಲಿ ಬುಡು" ಎನ್ನುತ್ತಿದ್ದಳು. ವರ್ಷ ಕಳೆಯುವುದರೊಳಗೆ ಗಂಡ ಕೊಡಗಿನಲ್ಲಿ ತೀರಿಕೊಂಡ ಸುದ್ದಿ ಬಂತು. ಮೂರು ದಿನ ಗೇಟಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಅವಳ ಕಣ್ಣು ಊದಿದ್ದವು.

ಅವತ್ತಿನಿಂದ ನನಗೆ ಒಂದು ಮುಳ್ಳು ಹೊಕ್ಕಿತು. ನಾನು ಹೇಳಿದ ಒಂದು ಸುಳ್ಳನ್ನು ನಂಬಿ ಅವಳು ಬಾಗಿಲು ಹಾಕಿದಳಲ್ಲ. ನಿಜ ಹೇಳಿದ್ದರೆ ಕಾಲು ತೊಳೆಯುತ್ತಿದ್ದಳೋ ಏನೋ. ಅವನು ಇವಳ ಮನೆಯಲ್ಲಿ ಸಾಯುತ್ತಿದ್ದನೋ ಏನೋ. ನನ್ನ ಸಿಟ್ಟಿಗೆ ಅವಳ ಸಂಸಾರ ಕತ್ತರಿಸಿಬಿಟ್ಟೆನೇ? ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಾತನ್ನು ಒಳಗೇ ಇಟ್ಟುಕೊಂಡು ಅವಳಿಗೆ ರವಿಕೆ ಹೊಲಿದುಕೊಟ್ಟೆ, ಹಬ್ಬಕ್ಕೆ ಒಬ್ಬಟ್ಟು ಕೊಟ್ಟೆ. ಟಾಕೀಸು ಮುಚ್ಚಿದ ಮೇಲೆ ಅವಳು ಸ್ಕೂಲಿನ ಬಿಸಿಯೂಟಕ್ಕೆ ಅಕ್ಕಿ ಆರಿಸಲು ಹೋದಳು. ಬೆರಳಿನ ಗುಲಾಬಿ ನಿಧಾನವಾಗಿ ಬಿಟ್ಟಿತು. ನನ್ನ ಬಾಯಿ ಮಾತ್ರ ಬಿಡಲಿಲ್ಲ.

ಹೋದ ವರ್ಷ ಟಾಕೀಸು ಕೆಡವುವಾಗ ಅವಳು "ನಡಿ, ನೋಡ್ಕಬರಾನ" ಎಂದಳು. ಕೈ ಹಿಡಿದು ಕರೆದುಕೊಂಡು ಹೋದೆ. ಚಾವಣಿ ಪೂರಾ ತೆಗೆದಿದ್ದರು. ಬಿಲ್ಲೆಯಾಗಿ ಇಳಿಯುತ್ತಿದ್ದ ಬಿಸಿಲು ಈಗ ಒಟ್ಟಿಗೇ ಬಂದು ಬಿದ್ದಿತ್ತು. ಪರದೆಯ ಬಿಳಿ ಗೋಡೆ ಒಂದೇ ನಿಂತಿತ್ತು, ಅದರ ಮೇಲೆ ಪಾರಿವಾಳಗಳ ನೆರಳು ಓಡಾಡುತ್ತಿತ್ತು. ಅವಳು ಇಟ್ಟಿಗೆಯ ಗುಡ್ಡೆಯ ಮೇಲೆ ಕೂತು ಅದನ್ನೇ ನೋಡತೊಡಗಿದಳು, ಸೆರಗಿನ ತುದಿ ಬಾಯಲ್ಲಿ.

ಆಗ ಹೇಳಿದೆ. "ಅಕ್ಕಾ, ಆ ಸಿನಿಮಾದಲ್ಲಿ ಅವಳು ಬಾಗಿಲು ಹಾಕ್ಕಳ್ಳಲಿಲ್ಲ. ಕಾಲು ತೊಳೆದ್ಳು. ನಾನು ಸುಳ್ಳು ಹೇಳಿದ್ದು."

ಯಾವ ಸಿನಿಮಾ ಎಂದು ಅವಳು ಕೇಳಲಿಲ್ಲ.

"ಗೊತ್ತು ಕಣವ್ವ."

"ಎಂಗೆ ಗೊತ್ತು?"

"ಅವತ್ತು ನಿನ್ ಇಂದೆ ಮುಂದೆ ನೂರು ಎಂಗಸ್ರು ಬಂದ್ರು. ಎಲ್ರೂ ಕಾಲು ತೊಳೆದ್ಳು ಅಂತ್ಲೇ ಅಂದ್ರು. ಮಿರ್ಲೆ ಅಜ್ಜಿ ಎಲ್ಲ ಸರೋಯ್ತು ಅಂದ್ಳು. ಬಾಗಿಲು ಹಾಕ್ಕಂಡಿದ್ದು ನೀನೊಬ್ಳೇ."

ಮೂವತ್ತು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ. ಆ ಗೇಟಿನಲ್ಲಿ ಅವಳು ಎಲ್ಲರನ್ನೂ ಕೇಳುತ್ತಿದ್ದುದು ಗೊತ್ತಿದ್ದೂ, ಅವತ್ತು ನನ್ನೊಬ್ಬಳ ಮಾತೇ ಅವಳ ಕಿವಿಗೆ ಬಿತ್ತು ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

"ಮತ್ತೆ ಚಿಲ್ಕ ಹಾಕ್ಕಂಡ್ಳಾ ಅಂತ ಯಾಕೆ ಕೇಳ್ದೆ?"

"ನಿಂಗೆ ಭಾನುವಾರ ಪಂಚಾಯ್ತಿ ಇತ್ತಲ್ಲ. ನೀನು ಹಾಕ್ಕತೀಯೋ ಇಲ್ವೋ ಅಂತ ಕೇಳ್ದೆ." ಸ್ವಲ್ಪ ಹೊತ್ತು ಪಾರಿವಾಳ ನೋಡಿದಳು. "ಅವನು ಬತ್ತಾನೆ ಅಂತ ನಂಗೆ ಮೊದ್ಲೇ ಸುದ್ದಿ ಬಂದಿತ್ತು. ಒಳಿಕೆ ಸೇರಿಸ್ಬಾರದು ಅಂತ ಅವಾಗ್ಲೇ ಅನ್ಕಂಡಿದ್ದೆ. ನಿನ್ ಸುಳ್ಳಿಗೇನೂ ನಾನು ಬಾಗಿಲು ಹಾಕ್ಲಿಲ್ಲ, ಬುಡು."

ನಾನು ಅತ್ತೆ. ಆಮೇಲೆ, ಏನೋ ಸಣ್ಣ ವಿಷಯ ನೆನಪಾದವಳ ಹಾಗೆ ಹೇಳಿದಳು.

"ನೀನು ಅವತ್ತು ಬಟ್ಟೆ ಇಡ್ಕಂಡು ನಿಂತಿದ್ದೆ. ನಂಗೆ ಕಾಣ್ತಿತ್ತು. ನಿಂಗೆ ಒಂದು ಕಿವಿ ಮಂದ ಅಲ್ವಾ, ಅದಕ್ಕೇ ಜೋರಾಗಿ ಹಾಕ್ದೆ."

ಈ ಆಷಾಢದಲ್ಲಿ ಅವಳು ಹೋದಳು. ಮಧ್ಯಾಹ್ನ ಊಟವಾಗಿ ಮಲಗಿದವಳು ಏಳಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದಿದ್ದರು, ಕೈ ಸರಿಸಿ ಹೋಗುತ್ತಿದ್ದವರೂ ಬಂದಿದ್ದರು. ಎಲ್ಲ ಮುಗಿದ ಮೇಲೆ ಕೋಣೆ ಗುಡಿಸಿ ಬೀಗದ ಕೈಯನ್ನು ಮನೆಯ ಮಾಲೀಕರಿಗೆ ಒಪ್ಪಿಸಲು ನಾನೇ ಹೋದೆ.

ಗುಡಿಸಿ ಆದ ಮೇಲೆ ಒಳಗಿನಿಂದ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ನಿಂತೆ. ಅದೇ ಹಳೆಯ ಚಿಲಕ, ಹಿಡಿದು ಹಿಡಿದು ನುಣುಪಾಗಿತ್ತು. ಎಳೆದು ನೋಡಿದೆ, ತೆಗೆದೆ, ಮತ್ತೆ ಎಳೆದೆ. ಬಲಗಿವಿಯನ್ನು ಹತ್ತಿರಕ್ಕೇ ಕೊಟ್ಟು ಇನ್ನೊಂದು ಸಲ ಎಳೆದೆ. ಸುಮ್ಮನೆ ಹಾಕಿದರೆ ಆ ಚಿಲಕ ಸದ್ದೇ ಮಾಡುವುದಿಲ್ಲ.