ನಡುವಿನ ಒಂಬತ್ತು ಸ್ವರ

ಶನಿವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕೂದಲೆಳೆ ಎಂದು ಎಲ್ಲರೂ ಕರೆಯುವ ಹಾರ್ಮೋನಿಯಂ ಅಂಗಡಿಯವನು ಪ್ರಾರ್ಥನಾಮಂದಿರದ ಆರ್ಗನ್ನಿನ ಮುಂದೆ ಮಂಡಿಯೂರಿದ್ದ. ಪ್ರಾರ್ಥನೆಗಲ್ಲ. ಕೈಯಲ್ಲಿ ಸಣ್ಣ ಅರ, ಅರದಡಿ ಹಿತ್ತಾಳೆಯ ರೀಡು, ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ತೆಳು ಪಟ್ಟಿ. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಎರಡು ಸ್ವರ ಪೂರ್ತಿ ಕೂಡದಿದ್ದರೆ ನಾದ ವಂಯ್ ವಂಯ್ ಎಂದು ತೂಗುತ್ತದೆ. ಸೆಕೆಂಡಿಗೆ ಎಷ್ಟು ಬಡಿತವೋ ಅಷ್ಟು ತಪ್ಪು. ಕೂದಲೆಳೆಯಷ್ಟು ತಪ್ಪನ್ನೂ ಬಿಡದವನೆಂದೇ ಅವನಿಗೆ ಆ ಅಡ್ಡಹೆಸರು ಬಿದ್ದದ್ದು.

ಆರ್ಗನ್ನಿಗೆ ಅರವತ್ತೊಂದು ಕೀ, ಕೀಗೆ ಎರಡರಂತೆ ನೂರಿಪ್ಪತ್ತೆರಡು ರೀಡು. ಎಂಟು ತಿಂಗಳಿಂದ ದಿನಾ ಸಂಜೆ ತನ್ನ ಅಂಗಡಿ ಮುಚ್ಚಿದ ಮೇಲೆ ಇಲ್ಲಿ ಬಂದು ಎಲ್ಲವನ್ನೂ ಹೊಸದಾಗಿ ಹೊಂದಿಸುತ್ತಿದ್ದ. ಹಾಡಿನಲ್ಲಿ ಹೆಚ್ಚು ಬಳಕೆಯಾಗುವುದು ನಡುವಿನ ಸ್ವರಗಳು, ಅವನ್ನು ಕೈ ಪಳಗಿದ ಮೇಲೆ ಮಾಡಬೇಕೆಂದು ಎರಡೂ ತುದಿಯಿಂದ ಒಳಕ್ಕೆ ಬಂದಿದ್ದ. ಈಗ ಉಳಿದದ್ದು ನಟ್ಟನಡುವಿನ ಒಂಬತ್ತು ಕೀ, ಬಿಚ್ಚಿ ಹೊರಗಿಟ್ಟ ಹದಿನೆಂಟು ರೀಡು. ಒಂದಕ್ಕೆ ಇಪ್ಪತ್ತೈದು ನಿಮಿಷವಾದರೆ ಏಳೂವರೆ ಗಂಟೆ. ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತದೆ. ಮರುದಿನ ಬೆಳಗ್ಗೆ ಇಲ್ಲಿನ ಕ್ರೈಸ್ತ ಸಭೆಗೆ ನೂರು ವರ್ಷ; ಮೊದಲ ಹಾಡು ಇದೇ ಆರ್ಗನ್ನಿನಲ್ಲಿ, ಆಮೇಲೆ ಅವನಿಗೆ ಶಾಲು.

ಲೆಕ್ಕ ಸರಿಯಿತ್ತು. ಕಿವಿ ಮಾತ್ರ ಕೈಕೊಡುತ್ತಿತ್ತು. ಆರು ವಾರದ ಹಿಂದೆ ಪಾಸ್ಟರ್ ಭಾನುವಾರದ ಪ್ರಸಂಗದಲ್ಲಿ ಬೈಬಲ್ಲಿನ ಒಂದು ಮಾತು ಹೇಳಿದ್ದರು: ಯಾರಿಗಾದರೂ ನಿನ್ನ ಮೇಲೆ ನೋವಿದ್ದರೆ ದೇವರಿಗೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಪಾಸ್ಟರ್ ಅಂಥ ಮಾತುಗಳನ್ನು ಎಷ್ಟೋ ಹೇಳುತ್ತಾರೆ, ಹೆಚ್ಚಿನವು ಬಾಗಿಲು ದಾಟುವುದರೊಳಗೆ ಮರೆತುಹೋಗುತ್ತವೆ. ಇದೊಂದು ಮಾತ್ರ ಚಪ್ಪಲಿಯೊಳಗಿನ ಕಲ್ಲಿನಂತೆ ಜೊತೆಗೇ ಬಂದಿತ್ತು. ಯಾಕೆಂದರೆ ಹನ್ನೊಂದು ವರ್ಷದ ಹಿಂದೆ ಈ ಆರ್ಗನ್ ಅವನ ಸೋದರಮಾವನ ಕೈಯಲ್ಲಿತ್ತು. ಅರ ಹಿಡಿಯುವುದನ್ನು ಕಲಿಸಿದವನೂ ಅದೇ ಮಾವ. ಮೂರು ಬಡಿತದೊಳಗಿದ್ದರೆ ಹಳೆಯ ಆರ್ಗನ್ನಿಗೆ ಪರವಾಗಿಲ್ಲ ಎಂಬುದು ಮಾವ ಸಭೆಯ ಸಮಿತಿಗೆ ಹೇಳಿಕೊಟ್ಟ ಅಳತೆ. ಯಾರೋ ದೂರು ಕೊಟ್ಟಾಗ ಸಮಿತಿ ಅಳೆಯಲು ಹೇಳಿದ್ದು ಸೋದರಳಿಯನಾದ ಇವನಿಗೆ. ಅವನು ಮೂರು ಸಲ ಎಣಿಸಿದ, ಮೂರು ಸಲವೂ ಎರಡು ಬಂತು. ಸಮಿತಿಯ ಮುಂದೆ ಎದ್ದು ನಿಂತು ಹೇಳಿದ ಸಂಖ್ಯೆ ಅದಕ್ಕಿಂತ ದೊಡ್ಡದು. ಮಾವ ಬೀಗದಕೈ ಮೇಜಿನ ಮೇಲಿಟ್ಟು ಹೋದವನು ಮತ್ತೆ ಇತ್ತ ತಲೆಹಾಕಲಿಲ್ಲ.

ಅರ ಒಂದೆಳೆ ಹೆಚ್ಚು ಓಡಿತು. ರೀಡು ನುಡಿಸಿ ನೋಡಿದರೆ ಸೆಕೆಂಡಿಗೆ ಎರಡು ಬಡಿತ. ಬುಡ ಉಜ್ಜಿದ, ಎರಡು. ಮತ್ತೆ ಉಜ್ಜಿದ, ಆಗಲೂ ಎರಡು. ಎಂಟು ತಿಂಗಳಲ್ಲಿ ಒಂದು ರೀಡೂ ಹಾಳಾಗಿರಲಿಲ್ಲ, ಇದು ಬುಡದಲ್ಲಿ ಸವೆದು ಬಿರುಕುಬಿಟ್ಟಿತು.

ಬುತ್ತಿ ತಂದಿದ್ದ ಹೆಂಡತಿ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದಳು. ಅವನು ಅವಳ ಮೇಲೆ ಹರಿಹಾಯ್ದ. ಸೋಮವಾರ ಮಾವನ ಹತ್ತಿರ ಹೋಗುತ್ತೇನೆಂದು ಹೇಳಿದ್ದೇನೆ, ಎರಡು ದಿನದಲ್ಲಿ ಯಾರ ಗಂಟು ಮುಳುಗುತ್ತದೆ, ಇದೇನು ನನ್ನ ಮನೆಯ ಕೆಲಸವೇ, ದೇವರ ಕೆಲಸವೇ ತಾನೆ ಎಂದು ಒಂದೇ ಉಸಿರಿಗೆ ಕೇಳಿದ.

"ಸೋಮವಾರ ಅಂತ ದೇವರು ಹೇಳಿದ್ನಾ, ನೀವು ಹೇಳಿದ್ರಾ?"

"ಆರು ವಾರದಿಂದ ದೇವರನ್ನ ಕೇಳ್ತಾನೇ ಇದೀನಿ ಕಣೇ, ಇದೊಂದು ಮುಗಿಸಿಕೊಡು ಅಂತ."

"ಆತನನ್ನ ಕೇಳ್ತಾ ಇದೀರಿ, ಸರಿ. ಆತನ ಮಾತು ಯಾವಾಗ ಕೇಳ್ತೀರಿ?"

ಅವನಿಗೆ ಮೈಯೆಲ್ಲ ಉರಿಯಿತು. ಅರಗಳನ್ನು ಅಳತೆಯ ಪ್ರಕಾರ ಬಟ್ಟೆಯಲ್ಲಿ ಸುತ್ತಿಟ್ಟ, ಸಿಟ್ಟಿನಲ್ಲೂ ಕ್ರಮ ತಪ್ಪಲಿಲ್ಲ. ಮಾವನ ಊರಿನ ಕಡೆಗೆ ಎರಡು ಐವತ್ತರ ಬಸ್ಸು ಹಿಡಿದ.

ಎರಡು ಬಸ್ಸು ಬದಲಿಸಿ ಐದೂವರೆಗೆ ತಲುಪಿದಾಗ ಮಾವ ಕಿಟಕಿಯ ಬೆಳಕಿನಲ್ಲಿ ಕಾಲುಗುರು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ. ಅತ್ತೆ ಟೀ ತಂದಿಟ್ಟು ಒಳಗೆ ಹೋದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ತುಂಡು ತುಂಡಾಗಿ ಹೊರಬಿತ್ತು: ತಾನು ಎಣಿಸಿದ್ದು ಎರಡು, ಹೇಳಿದ್ದು ಸುಳ್ಳು, ಆರ್ಗನ್ ತನ್ನ ಕೈಗೆ ಬರಲೆಂದು ಹೇಳಿದ್ದು.

ಮಾವ ಐದೂ ಬೆರಳು ಮುಗಿಸಿದ. "ಎರಡು ಅಂತ ನನಗೆ ಅವತ್ತೇ ಗೊತ್ತಿತ್ತು ಕಣೋ. ನನ್ನ ಕಿವಿಯೇನು ಸಂತೆಗೆ ಹೋಗಿತ್ತಾ?"

"ತಪ್ಪಾಯ್ತು ಮಾವ."

"ಮತ್ತೆ ಇಲ್ಲಿ ಬಂದು ನನಗೆ ಹೇಳ್ತೀಯಲ್ಲ. ಸುಳ್ಳು ಕೇಳಿದೋರು ಅಲ್ಲಿದಾರೆ." ಉಗುರಿನ ಚೂರುಗಳನ್ನು ಕಾಗದಕ್ಕೆ ಗುಡಿಸಿಕೊಂಡ. "ಟೀ ಆರುತ್ತೆ, ಕುಡಿ."

ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಹೊರಡುವಾಗ ನಾಳೆ ಬರುವೆಯಾ ಎಂದರೆ ಮಾವ ಮಂಡಿನೋವಿನ ಕಥೆ ತೆಗೆದ. ವಾಪಸ್ ಬಸ್ಸಿನಲ್ಲಿ ಕೂದಲೆಳೆಗೆ ಬೈಯಲು ಯಾರೂ ಸಿಗದೆ ಮುಂದಿನ ಸೀಟಿನ ಕಂಬಿಯನ್ನೇ ಬಿಗಿಯಾಗಿ ಹಿಡಿದು ಕುಳಿತ. ಹೇಳಿದಂತೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಸಭೆಯಲ್ಲಿ ಎದ್ದು ಸಾಕ್ಷಿ ಹೇಳುವವರನ್ನು ಎಷ್ಟೋ ಕೇಳಿದ್ದ. ಅವನ ಮನಸ್ಸಿಗೆ ಮತ್ತೊಂದು ಕೆಲಸ ಅಂಟಿಕೊಂಡಿತ್ತು, ಮೊದಲಿನದಕ್ಕಿಂತ ಭಾರದ್ದು. ಮಂದಿರಕ್ಕೆ ಬಂದು ಒಂದೇ ರೀಡು ಹಚ್ಚಿ ನೋಡಿದ. ದಣಿದ ಕಿವಿಗೆ ಬಡಿತವೇ ಹತ್ತಲಿಲ್ಲ. ತಪ್ಪು ಸ್ವರ ಕೂರಿಸಲು ಒಲ್ಲದೆ ಉಳಿದ ರೀಡುಗಳನ್ನು ಹೊರಗೇ ಬಿಟ್ಟು ಬೀಗ ಹಾಕಿದ.

ಭಾನುವಾರ ಮೊದಲ ಹಾಡು ಏರಿತು, ಇಳಿಯಿತು, ನಡುವಿಗೆ ಬಂದಾಗಲೆಲ್ಲ ಬರಿಯ ಗಾಳಿ ಬುಸ್ಸೆಂದಿತು. ಆರ್ಗನ್ನಿನ ಮುಂದಿನ ಹಲ್ಲೇ ಉದುರಿದೆಯಲ್ಲ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಎರಡನೆಯ ಚರಣಕ್ಕೆ ಜನ ಆರ್ಗನ್ ಬಿಟ್ಟು ತಾವೇ ಹಾಡಿಕೊಂಡರು. ಎಂಟು ತಿಂಗಳು ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಚ್ಚಿದ. ಮಾವ ಬಂದಿರಲಿಲ್ಲ. ಅದೂ ಒಂದು ಸಿಟ್ಟು.

ಸಮಿತಿಯ ಕಾರ್ಯದರ್ಶಿಗಳು ಇಷ್ಟಾದರೂ ಶಾಲು ಬಿಡಿಸಿಕೊಂಡು ಅವನನ್ನು ಕರೆದರು. ಹೋಗದೆ ಕೂರಬಹುದಿತ್ತು, ಹಾಡು ಕೆಟ್ಟ ನಾಚಿಕೆ ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ಹೆಂಡತಿ ಅವನತ್ತ ತಿರುಗಲಿಲ್ಲ. ಅವನು ಎದ್ದು ಹೋದ. ಶಾಲಿಗೆ ಹೆಗಲು ಕೊಡದೆ ಮೈಕಿನ ಹತ್ತಿರ ನಿಂತ. ಹನ್ನೊಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಮಾವನ ಆರ್ಗನ್ ಎಷ್ಟು ಬಡಿತ ತಪ್ಪಿದೆ ಎಂದು ಸಮಿತಿ ತನ್ನನ್ನು ಕೇಳಿತ್ತು ಎಂದ. ಮೈಕು ಕೀರಲಿಟ್ಟಿತು, ಅದು ನಿಲ್ಲುವವರೆಗೆ ಕಾದ.

"ನಾನು ಮೂರು ಸಲ ಎಣಿಸಿದ್ದೆ," ಎಂದ. "ಮೂರು ಸಲವೂ ಬಂದಿದ್ದು ಎರಡು. ನಾನು ನಿಮಗೆ ಹೇಳಿದ್ದು ನಾಲ್ಕು."