ನಮ್ಮ ಗಣಿಗೆ ಬಂದ ಚಂಡಮಾರುತ

ಸ್ನಾನ ಮಾಡಿ ನಮಾಜಿಗೆ ಹೊರಟಾಗಲೂ ಮೇಸ್ತ್ರಿಯವರ ಹುಬ್ಬು ಬೂದಿ ಬಣ್ಣದ್ದೇ. ಕಲ್ಲಿನ ಧೂಳು ಅಷ್ಟು ಸೇರಿಕೊಂಡಿತ್ತು. ಶಹಾಬಾದಿನ ಒಂದು ಹಾಸುಗಲ್ಲಿನ ಗಣಿಯಲ್ಲಿ ಅವರು ಕೂಲಿಗಳ ಮೇಲ್ವಿಚಾರಕರು, ನಾನು ಹಾಜರಿ ಬರೆಯುವ ಗುಮಾಸ್ತ. ಬಂಡೆಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಕಿವಿಗೊಟ್ಟು ಕೇಳಿ, ಎಲ್ಲಿ ಸೀಳಬೇಕೆಂದು ಹೇಳುತ್ತಿದ್ದರು. ಬೆಳಿಗ್ಗೆ ಚಹಾ ಕುಡಿದು ಏಳುವಾಗ "ಸಾಕಾಗೇದ್ರಿ" ಎನ್ನುತ್ತಿದ್ದರು. ಎದ್ದ ಮೇಲೆ ಸಂಜೆಯವರೆಗೆ ಕೂರುತ್ತಿರಲಿಲ್ಲ.

ಎಪ್ಪತ್ತರ ದಶಕದ ಒಂದು ನವೆಂಬರ್. ಆಂಧ್ರದ ಕರಾವಳಿಗೆ ಚಂಡಮಾರುತ ಬರುತ್ತಿದೆಯೆಂದು ರೇಡಿಯೊ ಎರಡು ದಿನ ಹೆದರಿಸಿತು. ಮೂರನೆಯ ಬೆಳಿಗ್ಗೆ, ದಡ ಮುಟ್ಟುವ ಮೊದಲೇ ಬಲಗುಂದಿತು ಎಂದಿತು. ಮೇಸ್ತ್ರಿಯವರು ಜ್ವರ ಬಂದು ಮನೆಯಲ್ಲಿದ್ದರು. "ಮಳಿ ಹನಿ ಬಿದ್ರ ಯಾರಿಗೂ ಕೆಳಗ ಇಳಸಬ್ಯಾಡ್ರಿ" ಎಂದು ಹಿಂದಿನ ಸಂಜೆಯೇ ನನಗೆ ಹೇಳಿದ್ದರು. ಆದರೆ ನಾನು ಮ್ಯಾಟ್ರಿಕ್ ಓದಿದವನು! ಬೆಚ್ಚಗಿನ ಸಮುದ್ರದ ಆವಿಯೇ ಚಂಡಮಾರುತದ ಕೂಳು. ದಡದ ಹತ್ತಿರ ತಣ್ಣನೆಯ ನೀರು, ಒಣಗಾಳಿ ಸಿಕ್ಕರೆ ಸೊರಗುತ್ತದೆ. ಇಷ್ಟು ಗೊತ್ತಿತ್ತು. ಜಿಟಿಜಿಟಿ ಮಳೆಯಲ್ಲೇ ಹದಿನೆಂಟು ಜನರನ್ನು ಗಣಿಗೆ ಇಳಿಸಿದೆ.

ಮಧ್ಯಾಹ್ನಕ್ಕೆ ಮಳೆ ಜೋರಾಯಿತು. ಗಾಳಿಯ ಸುಳಿವೇ ಇಲ್ಲ. ಗೋಣಿಚೀಲ ಹೊದ್ದು, ನಡುಗುತ್ತ ಮೇಸ್ತ್ರಿಯವರು ಬಂದರು.

"ಅದರ ಶಕ್ತಿ ಸಮುದ್ರದಾಗೇ ಹೋಗ್ಯಾದಂತ ಮೇಸ್ತ್ರಿ, ರೇಡಿಯೊದಾಗ ಹೇಳ್ಯಾರ" ಎಂದೆ.

"ಹೋಗಿರಬೇಕ್ರಿ. ಸೋತ ಹಮಾಲ ನಡು ಹಾದ್ಯಾಗೇ ಚೀಲ ಇಳಸ್ತಾನ. ಇದು ನಮ್ಮ ತೆಲಿ ಮ್ಯಾಲ ಇಳಸಾಕತ್ತದ. ಮೊದಲು ಮಂದಿಗಿ ಮ್ಯಾಲ ಕರೀರಿ!"

ಕೂಗಿದೆ. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮೇಸ್ತ್ರಿಯವರೇ ಇಳಿದು, ಒಬ್ಬೊಬ್ಬರನ್ನೇ ಹತ್ತಿಸಿ, ಕೊನೆಗೆ ತಾವು ಬಂದರು. ಸ್ವಲ್ಪ ಹೊತ್ತಿಗೆ ಅಂಚಿನ ಮಣ್ಣಿನ ಗುಡ್ಡೆ ಕುಸಿದು, ಪಂಪು, ಹಾರೆ ಎಲ್ಲವೂ ಗಣಿಯೊಳಗೆ ಹೂತುಹೋದವು.

ಮರುದಿನ ಮಾಲೀಕರು ಗುಡುಗಿದರು: "ಮಳ್ಯಾಗ ಮಂದಿಗಿ ಇಳಸಿದವ್ರು ಯಾರು?"

ನಾನು ಹಾಜರಿ ಪುಸ್ತಕದ ಹಾಳೆ ತಿರುವತೊಡಗಿದೆ. ಮೇಸ್ತ್ರಿಯವರು ನನ್ನ ಕಡೆ ನೋಡಲೂ ಇಲ್ಲ. "ನಾನೇ ಹೇಳಿ ಕಳಿಸಿದ್ದೆರಿ" ಎಂದರು. ಅಂದೇ ಅವರ ಕೆಲಸ ಹೋಯಿತು.

ಅರವತ್ತರ ಹತ್ತಿರದ ವಯಸ್ಸಿನಲ್ಲಿ ವಾಡಿ ಕಡೆ ಇನ್ನೊಂದು ಗಣಿಯಲ್ಲಿ ಕಲ್ಲು ಹೊತ್ತರು. ಒಮ್ಮೆ ಅವರನ್ನು ಅಲ್ಲಿ ಕಂಡು, ನಮ್ಮ ಮಾಲೀಕರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. "ಮನ್ಯಾಗ ಸಣ್ಣ ಕೂಸು ಅದ ನಿಮಗ. ಸುಮ್ನ ಕುಂದ್ರಿ" ಎಂದರು. ಸುಮ್ಮನೆ ಕೂರುವುದು ನನಗೆ ಸುಲಭವೇ ಆಯಿತು.

ಎರಡು ವರ್ಷಕ್ಕೆ ತೀರಿಕೊಂಡರು. ಕಬ್ರಸ್ತಾನದಲ್ಲಿ ಎಲ್ಲರಂತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಅವರ ಮಗ ನನ್ನ ಎರಡೂ ಕೈ ಹಿಡಿದುಕೊಂಡ.

"ಅವತ್ತು ನಮ್ಮ ಅಬ್ಬಾ ಅಷ್ಟು ದೊಡ್ಡ ತಪ್ಪು ಮಾಡಿದ್ರೂ ನೀವು ಮನಸ್ಸಿನಾಗ ಇಟ್ಕೊಳ್ಳಲಿಲ್ಲ. ಬಂದ್ರಿ. ಭಾಳ ಉಪಕಾರ ಆತ್ರಿ."

ಅವನ ಬೆನ್ನು ತಟ್ಟಿ ಹೊರಟುಬಂದೆ.