ಹನ್ನೆರಡು ಅಡಿ ಕಲ್ಲು

ಚನ್ನರಾಯಪಟ್ಟಣದ ಕಡೆಯ ಒಂದು ಕ್ರೋಮ್ ಗಣಿಯಲ್ಲಿ ನಾನು ಅಳತೆಯ ಸಹಾಯಕನಾಗಿದ್ದೆ. ವರ್ಷ 1961. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದಿನಕ್ಕೆ ಎಷ್ಟು ಸಲ ಮದ್ದು ಸಿಡಿಸಿದರು, ಸುರಂಗ ಎಷ್ಟು ಅಡಿ ಮುಂದೆ ಹೋಯಿತು ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ.

ನಾವು ಕೊರೆಯುತ್ತಿದ್ದ ಹೊಸ ಸುರಂಗದ ಎದುರಿಗೆ, ಹಿಂದಿನ ವರ್ಷ ಕೆಲಸ ನಿಲ್ಲಿಸಿದ ಹಳೆಯ ಸುರಂಗವಿತ್ತು. ಅದರ ತುಂಬ ನೀರು. ಎರಡರ ನಡುವೆ ಐವತ್ತು ಅಡಿ ಕಲ್ಲನ್ನು ಮುಟ್ಟದೆ ಬಿಡಬೇಕೆಂಬುದು ನಮ್ಮ ಗಣಿಯ ನಿಯಮ. ನೀರನ್ನು ತಡೆಯುವ ಗೋಡೆ ಅದೊಂದೇ.

ಜುಲೈ ಕೊನೆಯ ಮಂಗಳವಾರ ಬೆಳಿಗ್ಗೆ, ಕಲ್ಲಿಗೆ ತೂತು ಕೊರೆಯುವ ಹಿರಿಯರೊಬ್ಬರು ಕಚೇರಿಯ ಬಾಗಿಲಲ್ಲಿ ನಿಂತರು.

"ಕಲ್ಲು ಬೆವರ್ತಾ ಐತೆ ಸಾ. ಮದ್ವೆ ಗಂಡಿನ್ ಅಣೆ ಇದ್ದಂಗೆ."

ನಾನು ನಕ್ಷೆ ಬಿಡಿಸಿ ತೋರಿಸಿದೆ. "ಇನ್ನೂ ಐವತ್ತನಾಲ್ಕು ಅಡಿ ಇದೆ. ನಾಲ್ಕಡಿ ಹೋಗಿ ನಿಲ್ಲಿಸೋಣ."

"ನೀವು ಅಳ್ದಿದ್ಮೇಲೆ ಮುಗೀತು ಬುಡಿ. ನಮ್ಮುಡುಗ್ರು ಬರೀ ಪುಕ್ಲು," ಎಂದು ನಗುತ್ತ ಹೋದರು.

ಮಧ್ಯಾಹ್ನ ಮನಸ್ಸು ತಡೆಯದೆ ಹಿಂದಿನ ವರ್ಷದ ಡೈರಿ ತೆಗೆದೆ. ಹಳೆಯ ಸುರಂಗವನ್ನು ನಾನು ಕೊನೆಯ ಸಲ ಅಳೆದದ್ದು ಒಂದು ಶುಕ್ರವಾರ. ಮರುದಿನ ಅಕ್ಕನ ಮದುವೆಗೆಂದು ಹೊಳೆನರಸೀಪುರಕ್ಕೆ ಹೋಗಿದ್ದೆ, ಏಳು ದಿನದ ರಜೆ. ಅದಿರು ಚೆನ್ನಾಗಿ ಸಿಕ್ಕಿತೆಂದು ಆ ಏಳು ದಿನವೂ ಕೆಲಸಗಾರರು ಮುಂದೆ ಹೋಗಿದ್ದರು. ನಾನು ಬರುವಷ್ಟರಲ್ಲಿ ಪಂಪು ತೆಗೆದಿದ್ದರು, ನೀರು ತುಂಬಿತ್ತು. ಅಳೆಯಲಾಗಲಿಲ್ಲ. ಮೇಸ್ತ್ರಿಯನ್ನು ಕೇಳಿ ಡೈರಿಯಲ್ಲಿ ಗುರುತು ಹಾಕಿಕೊಂಡಿದ್ದೆ: ದಿನಕ್ಕೆರಡು ಸಿಡಿತ, ಒಟ್ಟು ಹದಿನಾಲ್ಕು. ನಕ್ಷೆಗೆ ಮಾತ್ರ ಏರಿಸಿರಲಿಲ್ಲ. ಸಿಡಿತಕ್ಕೆ ಮೂರಡಿ ಎಂದರೆ ನಲವತ್ತೆರಡು. ನಕ್ಷೆಯ ಐವತ್ತನಾಲ್ಕರಲ್ಲಿ ಉಳಿದದ್ದು ಹನ್ನೆರಡು ಅಡಿ.

ವ್ಯವಸ್ಥಾಪಕರು ಹಾಸನಕ್ಕೆ ಹೋಗಿದ್ದರು, ಗುರುವಾರ ಬರುವವರು. ಕೆಲಸ ನಿಲ್ಲಿಸಲು ಮೇಸ್ತ್ರಿಗೆ ನಾನು ಒಂದು ಮಾತು ಹೇಳಿದ್ದರೂ ಸಾಕಿತ್ತು. ಆದರೆ ನಕ್ಷೆ ಯಾಕೆ ತಿದ್ದಲಿಲ್ಲ ಎಂದು ಕೇಳುತ್ತಾರೆ. ನನ್ನ ಕಾಯಂ ಆದೇಶ ಬರುವ ಹೊತ್ತು. ಒಂದು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ. ಡೈರಿಯಲ್ಲಿ ಬರೆದೆ: ಮಂಗಳವಾರ, ಉಳಿದ ಕಲ್ಲು 12 ಅಡಿ.

ಬುಧವಾರ ಹನ್ನೊಂದು ಗಂಟೆಗೆ ನೀರು ನುಗ್ಗಿತು. ಒಳಗಿದ್ದವರು ಹದಿನೇಳು ಜನ. ಹದಿನಾರು ಜನ ತಾವೇ ನಡೆದು ಬಂದರು. ಆ ಹಿರಿಯರನ್ನು ಹೊತ್ತು ತಂದರು. ನೀರು ನೂಕಿದ ಅದಿರಿನ ಗಾಡಿ ಅವರ ಮೊಣಕಾಲನ್ನು ಜಜ್ಜಿತ್ತು. ಕಾಲು ತೆಗೆಯಬೇಕಾಯಿತು. ವಿಚಾರಣೆಯಲ್ಲಿ, ನಕ್ಷೆಯ ತಪ್ಪು ಯಾವಾಗ ಗೊತ್ತಾಯಿತು ಎಂದು ನನ್ನನ್ನು ಕೇಳಿದರು. ನೀರು ಬಂದ ಮೇಲೆ ಎಂದೆ.

ಅದಾದ ಐದನೆಯ ಭಾನುವಾರ ಆ ಹಿರಿಯರ ಊರಿಗೆ ಹೋಗಿ ನಿಜ ಹೇಳಿದೆ. ಜಗಲಿಯ ಮೇಲೆ ಕೂತಿದ್ದರು.

"ಮಂಗ್ಳಾರ್ವೇ ಗೊತ್ತಿತ್ತಾ?"

"ಗೊತ್ತಿತ್ತು."

"ಬುದ್ವಾರ ನನ್ ಮಗ ಒಳಿಕ್ ಬರಾಕಿಲ್ಲ ಅಂದ ಸಾ. ಅವ್ರು ಅಳ್ದವ್ರೆ, ಬಾರ್ಲಾ ಪುಕ್ಲ ಅಂತ ನಾನೇ ಎಳ್ಕಂಡೋದೆ. ನನ್ ಕಾಲು ಓದ್ರೆ ಓಗ್ಲಿ. ಅವ್ನೇನಾರ..." ಒಳಗಿನ ಕಡೆ ತಿರುಗಿ ಕಾಫಿ ತರಲು ಕೂಗಿದರು. "ಕಾಪಿ ಕುಡ್ದು ಓಗಿ," ಎಂದರು. ಲೋಟ ತಂದುಕೊಟ್ಟವನು ಆ ಮಗನೇ. ಕುಡಿದೆ.

ಸೋಮವಾರ ಡೈರಿಯ ಆ ಮಂಗಳವಾರದ ಪುಟ ತೆರೆದು ವ್ಯವಸ್ಥಾಪಕರ ಮೇಜಿನ ಮೇಲಿಟ್ಟೆ. ಓದಿದರು. "ವಿಚಾರಣೆ ಮುಗಿದಿದೆಯಪ್ಪ. ಇದನ್ನ ಮನೇಲಿಟ್ಕೊ," ಎಂದು ಹಿಂದಕ್ಕೆ ತಳ್ಳಿದರು. ನನ್ನ ಕಾಯಂ ಆದೇಶವೂ ಅದೇ ಮೇಜಿನ ಮೇಲಿತ್ತು. ಎರಡನ್ನೂ ತೆಗೆದುಕೊಂಡು ಹೊರಬಂದೆ.